ಬಂತು, ಬರ್ಲಿಲ್ಲ

ಪೇಪರಣ್ಣ ತೀರಿಕೊಂಡ ಮೇಲೆ, ನುಡಿನಮನಕ್ಕೆ ಒಂದು ಸಣ್ಣ ಪುಸ್ತಿಕೆ ಮಾಡಿಕೊಡು ಅಂತ ಊರಿನವರು ನನಗೆ ಹೇಳಿದರು. ಹೊಸನಗರದ ಬಸ್ ನಿಲ್ದಾಣದಲ್ಲಿ ಬಂಡಲ್ ಇಳಿಸಿಕೊಂಡು, ಅವರು ಎಣಿಸಿ ಕೊಟ್ಟ ಪೇಪರುಗಳನ್ನು ಸೈಕಲ್ಲಿನಲ್ಲಿ ಮನೆಮನೆಗೆ ಹಾಕಿದ ಹುಡುಗ ನಾನು. ಅವರು ಏಜೆಂಟರೂ ಹೌದು, ತಾಲ್ಲೂಕಿನ ಅರೆಕಾಲಿಕ ವರದಿಗಾರರೂ ಹೌದು.

ಮೊದಲು ಗೊತ್ತಿದ್ದವರ ಹತ್ತಿರ ನಾಲ್ಕು ಸಾಲು ಬರೆಸಿದೆ. ಸರಳ, ಸಜ್ಜನ, ನಿಷ್ಠುರ ಅಂತ ಎಲ್ಲರೂ ಅದನ್ನೇ ಬರೆದಿದ್ದರು. ಹೆಸರು ಬದಲಿಸಿದರೆ ಯಾರಿಗೆ ಬೇಕಾದರೂ ಹೊಂದುವ ಮಾತು. ಅವನ್ನು ಬದಿಗಿಟ್ಟು, ಅವರು ಬರೆದದ್ದನ್ನೇ ಹುಡುಕಲು ಕೂತೆ.

ಅಲ್ಲೇ ತೊಡಕು ಶುರುವಾಯಿತು. ಅವರ ಸುದ್ದಿಗೆ ಹೆಸರೇ ಇರುತ್ತಿರಲಿಲ್ಲ. ಮೇಲೆ ಊರಿನ ಹೆಸರು, ತಾರೀಖು, ಕೆಳಗೆ ಸುದ್ದಿ, ಅಷ್ಟೆ. ಅಟ್ಟದ ಮೇಲಿನ ಟ್ರಂಕಿನಲ್ಲಿದ್ದ ತುಣುಕುಗಳು ಒಲೆಯ ಹೊಗೆ ತಾಗಿ ಕೆಡದೆ ಉಳಿದಿದ್ದವು. ಗೋಡೆ ಕಪಾಟಿನಲ್ಲಿದ್ದವು ಮಾತ್ರ ಬೂಸ್ಟು ಹಿಡಿದು ಒಂದಕ್ಕೊಂದು ಅಂಟಿದ್ದವು. ಮಲೆನಾಡಿನ ಮನೆಯಲ್ಲಿ ಈ ಕೆಲಸ ಮಾಡುವವರಿಗೆ ಹೇಳುತ್ತೇನೆ: ಮಳೆಗಾಲದಲ್ಲಿ ಕಟ್ಟು ಬಿಚ್ಚಬೇಡಿ. ನಾನು ಚಳಿಗಾಲಕ್ಕೆ ಕಾದು, ಜಗುಲಿಯ ನೆರಳಲ್ಲಿ ಹರಡಿದೆ. ಬಿಸಿಲಿಗಿಟ್ಟರೆ ಪೇಪರು ಇನ್ನೂ ಹಳದಿಯಾಗಿ ಮುಟ್ಟಿದರೆ ಮುರಿಯುತ್ತದೆ. ಸೆಲೋಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಕಿಟಕಿಯ ಬೆಳಗಿನ ಬೆಳಕಿನಲ್ಲಿ ಫೋನಿನಿಂದ ಒಂದೊಂದಾಗಿ ಫೋಟೊ ತೆಗೆದು, ತುಣುಕುಗಳನ್ನು ಬಿಳಿ ಹಾಳೆಗಳ ನಡುವೆ ಇಟ್ಟೆ.

ಯಾವುದು ಅವರದು ಅಂತ ಗೊತ್ತಾದದ್ದು ಡೈರಿಗಳಿಂದ. ಫ್ಯಾಕ್ಸ್ ಬರುವ ಮುಂಚೆ ಅವರು ಹಾಳೆಯ ಒಂದೇ ಮಗ್ಗುಲಲ್ಲಿ ಸುದ್ದಿ ಬರೆದು, ಕವರಿಗೆ ಹಾಕಿ, ಶಿವಮೊಗ್ಗದ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು. ಅಲ್ಲಿ ಕಚೇರಿಯ ಹುಡುಗ ಇಳಿಸಿಕೊಳ್ಳಬೇಕು. ಯಾವ ಸುದ್ದಿ, ಯಾವ ಬಸ್ಸು ಎಂದೆಲ್ಲ ಡೈರಿಯಲ್ಲಿ ಗುರುತು ಮಾಡಿದ್ದರು. ಪೇಪರಿನಲ್ಲಿ ಅಚ್ಚಾಯಿತೋ ಇಲ್ಲವೋ ಅಂತ ಎದುರಿಗೆ ಒಂದೇ ಪದ: ‘ಬಂತು’ ಅಥವಾ ‘ಬರ್ಲಿಲ್ಲ’. ಬರ್ಲಿಲ್ಲ ಎಂಬುದೇ ಹೆಚ್ಚು.

‘ಬಂತು’ ಎಂಬುದರಲ್ಲಿ ಮಂಗ ಸತ್ತ ಸುದ್ದಿಗಳೇ ಎಷ್ಟೋ. ಎರಡೇ ಸಾಲು, ಯಾವ ಊರಿನ ಯಾವ ಹಾಡ್ಯದಲ್ಲಿ, ಅಂದರೆ ಊರಂಚಿನ ಕಾಡಿನಲ್ಲಿ, ಅಂತ. ಹುಡುಗನಾಗಿದ್ದಾಗ ಇದೂ ಒಂದು ಸುದ್ದಿಯಾ ಅನಿಸುತ್ತಿತ್ತು. 1957ರಲ್ಲಿ ನಮ್ಮದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆಯ ಸುಳಿವು ಅದು. ಮಂಗ ಸತ್ತರೆ ಮೈಮೇಲಿನ ಉಣುಗು ನೆಲಕ್ಕಿಳಿಯುತ್ತದೆ, ಸೊಪ್ಪು ದರಗು ತರಲು ಹೋದವರನ್ನು ಕಚ್ಚುತ್ತದೆ. ಆ ಎರಡು ಸಾಲು ಓದಿದವರು ಅತ್ತ ಹೋಗದೆ ಉಳಿಯುತ್ತಿದ್ದರು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಮಾತ್ರ ನನಗೆ ಆ ಸಾಲುಗಳ ತೂಕ ಪೂರ್ತಿ ತಿಳಿಯಿತು.

ಆದರೆ ನನ್ನನ್ನು ಎಳೆದದ್ದು ಬರದೇ ಹೋದ ಸುದ್ದಿಗಳು. ಭಾನುವಾರಗಳಲ್ಲಿ ಡೈರಿ ಹಿಡಿದು ಆ ಊರುಗಳಿಗೇ ಹೊರಟೆ. ಹಿನ್ನೀರಿನ ಅಂಚಿನ ಒಂದು ಹಳ್ಳಿಯಲ್ಲಿ ಶರಾವತಿ ಮುಳುಗಡೆಯಲ್ಲಿ ಊರು ಬಿಟ್ಟು ಎದ್ದುಬಂದವರ ಮನೆಯೊಂದಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಆ ಮನೆಯ ಅಜ್ಜಿ ಹುಡುಗಿ. ಉಳುವ ನೆಲಕ್ಕೆ ಇಂದಿಗೂ ಹಕ್ಕುಪತ್ರವಿಲ್ಲ. ಡೈರಿಯ ಸಾಲು ಓದಿ ಹೇಳಿದೆ. “ಪೇಪರಲ್ಲಿ ಬಂತೋ ಬಿಡ್ತೋ ನಂಗೊತ್ತಿಲ್ಲ ಮಾರಾಯ. ಅರ್ಜಿ ಬರ್ಕೊಟ್ಟಿದ್ದು ಮಾತ್ರ ಅವ್ರೇ” ಎಂದು ಒಳಗಿನಿಂದ ಪ್ಲಾಸ್ಟಿಕ್ ಕೊಟ್ಟೆ ತಂದರು. ಒಳಗೆ ಕಾರ್ಬನ್ ಪ್ರತಿ. ಅಕ್ಷರ ನಾನು ದಿನಾ ಡೈರಿಯಲ್ಲಿ ನೋಡುತ್ತಿದ್ದದ್ದೇ.

ಆಮೇಲೆ ಹೋದಲ್ಲೆಲ್ಲ ಅದೇ ಅಕ್ಷರ ಸಿಕ್ಕಿತು. ವಿಧವಾ ವೇತನಕ್ಕೆ, ಕಾಲುಸಂಕಕ್ಕೆ, ಶಾಲೆಗೆ ಮೇಷ್ಟ್ರು ಬೇಕು ಅಂತ. ಸುದ್ದಿ ಬರದಿದ್ದರೆ ಅದನ್ನೇ ಅರ್ಜಿಯಾಗಿ ತಿದ್ದಿ ಬರೆದು, ಸಹಿ ಹಾಕಿಸಿ, ತಾಲ್ಲೂಕು ಕಚೇರಿಗೆ ತಾವೇ ಮುಟ್ಟಿಸಿದ್ದರು. ಇದನ್ನು ಅವರು ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಜೊತೆಯಲ್ಲಿ ಅಷ್ಟು ವರ್ಷ ಪೇಪರು ಎಣಿಸಿದ ನನಗೂ ಗೊತ್ತಿರಲಿಲ್ಲ ಎಂಬುದು ಈಗಲೂ ಸಂಕಟ.

ಸಭೆಯನ್ನು ಜುಲೈ 1ಕ್ಕೆ ಇಟ್ಟುಕೊಂಡೆವು. 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಟ ದಿನ, ಪತ್ರಿಕಾ ದಿನ. ಜಡಿಮಳೆ. ಹಂಚಿನ ಮೇಲಿನ ಸದ್ದಿಗೆ ಮೈಕ್ ಕೇಳದಿದ್ದರೂ ಜನ ತುಂಬಿದ್ದರು. ನಾನು ಭಾಷಣ ಮಾಡಲಿಲ್ಲ. ಬರ್ಲಿಲ್ಲದ ಪಟ್ಟಿ ಓದುತ್ತಾ ಹೋದೆ: ಊರು, ತಾರೀಖು, ವಿಷಯ. ಆರನೆಯದೋ ಏಳನೆಯದೋ ಓದುವಾಗ ಹಿಂದಿನಿಂದ ಒಬ್ಬರು ಎದ್ದು ನಿಂತರು. “ಆ ಸಂಕ ಆಯ್ತಲ್ಲ, ಈಗ ಸಿಮೆಂಟಿಂದು.” ನಿಲ್ಲಿಸಿ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಇನ್ನೊಂದು ಮೂಲೆಯಿಂದ ಒಬ್ಬ ಹೆಂಗಸು, “ನಮ್ಮ ಅಮ್ಮಂಗೆ ಪೆನ್ಶನ್ ಬಂತು” ಎಂದರು. ಅಜ್ಜಿಯ ಮನೆಯ ಸಾಲು ಬಂದಾಗ ಯಾರೂ ಏಳಲಿಲ್ಲ.

ಅವತ್ತು ಹಂಚಬೇಕಾಗಿದ್ದ ಪುಸ್ತಿಕೆಯನ್ನು ಹಂಚಲಿಲ್ಲ. ವಾಪಸ್ ಪ್ರೆಸ್ಸಿಗೆ ಒಯ್ದು, ಬಂತು, ಬರ್ಲಿಲ್ಲ ಎರಡರ ಪಕ್ಕ ಇನ್ನೊಂದು ಕಾಲಂ ಹಾಕಿಸಿದೆ: ‘ಆಯ್ತು’. ಹಲವು ಸಾಲುಗಳ ಎದುರು ಅದು ಖಾಲಿಯೇ ಇದೆ. ಬರೆಯಲು ಜಾಗ ಬಿಟ್ಟಿದ್ದೇನೆ.