ಉತ್ತರ ಕೊಡುವ ದನಿಗಳು ಮೊದಲು, ಮುಖ್ಯ ದನಿ ಕೊನೆಗೆ

'ಕ್ಯಾಲಿಫೋರ್ನಿಯಾ ಡ್ರೀಮಿನ್' ಹಾಡನ್ನು ವಾದ್ಯವಿಲ್ಲದೆ ಬರೀ ಕಂಠದಲ್ಲೇ ರೆಕಾರ್ಡ್ ಮಾಡಬೇಕೆಂದು ಹಟ ಹಿಡಿದವನು ನಾನೇ. ಗಂಡುದನಿ ಎರಡೂ ನನ್ನವು, ಹೆಣ್ಣುದನಿ ಎರಡೂ ತಂಗಿಯವು. ಮೂಲದ 'ದಿ ಮಾಮಾಸ್ ಅಂಡ್ ದಿ ಪಾಪಾಸ್' ತಂಡದಲ್ಲೂ ಇಬ್ಬರು ಗಂಡಸರು, ಇಬ್ಬರು ಹೆಂಗಸರು. 1963ರ ಚಳಿಗಾಲದಲ್ಲಿ ನ್ಯೂಯಾರ್ಕಿನಲ್ಲಿದ್ದ ಜಾನ್ ಮತ್ತು ಮಿಷೆಲ್ ಫಿಲಿಪ್ಸ್ ದಂಪತಿ ಕ್ಯಾಲಿಫೋರ್ನಿಯಾದ ಬಿಸಿಲಿಗೆ ಹಂಬಲಿಸಿ ಬರೆದದ್ದು ಈ ಹಾಡು.

ಆರಂಭಿಸುವ ಮುಂಚೆ ಕವರ್‌ಗಳನ್ನೆಲ್ಲ, ಅಂದರೆ ಬೇರೆಯವರು ಮತ್ತೆ ಹಾಡಿದ್ದನ್ನೆಲ್ಲ, ಕೇಳಿದೆ. 1968ರಲ್ಲಿ ಹೋಸೆ ಫೆಲಿಸಿಯಾನೋ ಹಾಡಿದರು, ಬಾಬಿ ವೊಮ್ಯಾಕ್ ಕೂಡ ಹಾಡಿದರು. ಇಬ್ಬರೂ ದೊಡ್ಡ ಗಾಯಕರೇ. ಆದರೆ ಅಲ್ಲಿ ಕಿವಿಯೆಲ್ಲ ಒಂದೇ ಕಂಠದ ಹಿಂದೆ ಹೋಗುತ್ತದೆ, ಊರು ಬಿಟ್ಟವನೊಬ್ಬನ ಹಾಡಾಗಿಬಿಡುತ್ತದೆ. ಬೀಚ್ ಬಾಯ್ಸ್ 1986ರಲ್ಲಿ ದನಿಗಳ ಗುಂಪನ್ನು ಮತ್ತೆ ತಂದರು, ರಾಜರ್ ಮೆಗ್ವಿನ್ ಹನ್ನೆರಡು ತಂತಿಯ ಗಿಟಾರ್ ನುಡಿಸಿದರು. ಚೆನ್ನಾಗಿದೆ, ಸ್ವಲ್ಪ ಹೊಳಪು ಜಾಸ್ತಿ.

ನನಗೆ ದಾರಿ ತೋರಿಸಿದ್ದು ಮೂಲದ ರೆಕಾರ್ಡಿಂಗೇ. ಆ ಟ್ರ್ಯಾಕ್ ಮೊದಲು ತಯಾರಾದದ್ದು ಬ್ಯಾರಿ ಮೆಗ್ವೈರ್ ಎಂಬ ಗಾಯಕನಿಗಾಗಿ; ಅವರ ಒಂದೊಂದು ಸಾಲಿಗೂ ಈ ತಂಡ ಹಿಂದಿನಿಂದ ಹಾಡಿ ಉತ್ತರ ಕೊಡುತ್ತಿತ್ತು, ಅಷ್ಟೆ. ಆಮೇಲೆ ಮೆಗ್ವೈರ್ ದನಿ ಅಳಿಸಿ ತಂಡದ ಡೆನಿ ಡೊಹರ್ಟಿ ಹಾಡಿದರು. ಇಯರ್‌ಫೋನ್ ಹಾಕಿಕೊಂಡು ಕೇಳಿ, ಮೊದಲ ಸಾಲಿನಲ್ಲಿ ಎಡಗಡೆ ಮೆಗ್ವೈರ್ ದನಿಯ ಚೂರೊಂದು ಅಳಿಯದೆ ಉಳಿದಿದೆ. ಅಂದರೆ ಉತ್ತರಗಳು ಮೊದಲೇ ಇದ್ದವು, ನಾವು ಕೇಳುವ ಮುಖ್ಯ ದನಿ ಆಮೇಲೆ ಬಂದು ಕೂತಿತು. ನಾವೂ ಹಾಗೇ ಮಾಡಿದೆವು. ತಂಬೂರಿ ಆ್ಯಪ್ ಹಾಕಿಕೊಂಡು ಉತ್ತರದ ಸಾಲುಗಳನ್ನೆಲ್ಲ ಮುಗಿಸಿದೆವು. ಅವು ಎಲ್ಲಿ ಉಸಿರು ಬಿಡುತ್ತವೆ ಎಂಬುದು ಗೊತ್ತಾದ ಮೇಲೆ ನಾನು ಮುಖ್ಯ ಸಾಲಿಗೆ ನಿಂತೆ.

ಹೆಚ್ಚು ಹೊತ್ತು ತಿಂದದ್ದು ಒಂದೇ ಒಂದು ಜಾಗ. ಸಾಲಿನ ಕೊನೆಯಲ್ಲಿ ಗಿಟಾರ್ 'ಇ ಸೆವೆನ್ ಸಸ್‌' ಎಂಬ ಸ್ವರಗುಚ್ಛದಿಂದ (ಕಾರ್ಡ್) 'ಇ ಸೆವೆನ್‌'ಗೆ ಇಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಷಡ್ಜದಿಂದ ಕಾಕಲಿ ನಿಷಾದಕ್ಕೆ ಅರ್ಧ ಹೆಜ್ಜೆ. ಗಿಟಾರಿಲ್ಲವಲ್ಲ, ಅದನ್ನು ತಂಗಿಯ ಕೆಳದನಿಗೆ ಕೊಟ್ಟೆ. ಸಂಗೀತ ಪಾಠ ಆದವಳು. ನಿಷಾದ ಸಿಕ್ಕಿದ್ದೇ ತಡ, ಗಮಕ ಬಂತು. "ಅಲುಗಿಸಬೇಡ್ವೇ, ಸುಮ್ನೆ ಇಟ್ಟುಬಿಡು" ಅಂದೆ. "ಅಣ್ಣಾ, ಇಟ್ರೆ ಬರೀ ಹಾರ್ಮೋನಿಯಂ ಥರ ಕೇಳುತ್ತೆ" ಅಂದಳು. ಒಂಟಿಯಾಗಿ ಕೇಳಿದರೆ ಅವಳ ಮಾತು ನಿಜ. ಉಳಿದ ಮೂರು ದನಿ ಸೇರಿಸಿ ಕೇಳಿಸಿದ ಮೇಲೆ ಗಮಕ ತಾನಾಗಿಯೇ ಬಿಟ್ಟಳು.

ಪ್ರತಿ ದನಿಯನ್ನೂ ಎರಡೆರಡು ಸಲ ಹಾಡಿ ಒಂದನ್ನು ಎಡಕ್ಕೆ, ಒಂದನ್ನು ಬಲಕ್ಕೆ ತಳ್ಳಿದೆ. ಆಗ ಪದದ ಕೊನೆಯ 'ಸ್', 'ಟ್' ಚಿಟಪಟ ಉದುರುತ್ತವೆ. ಅವನ್ನು ಒಬ್ಬರೇ ಉಚ್ಚರಿಸಬೇಕು, ಮಿಕ್ಕವರು ಸ್ವರದಲ್ಲೇ ನಿಲ್ಲಬೇಕು. ರೂಮಿನ ಪ್ರತಿಧ್ವನಿಗೆ ಬೀರುವಿನ ಬಾಗಿಲಿಗೆ ಕೌದಿ ಇಳಿಬಿಟ್ಟರೆ ಸಾಕು.

ಮೂಲದಲ್ಲಿ ನಡುವೆ ಬಡ್ ಶಾಂಕ್ ನುಡಿಸಿದ ಆಲ್ಟೊ ಫ್ಲೂಟ್ (ತಗ್ಗು ದನಿಯ ಕೊಳಲು) ಇದೆಯಲ್ಲ, ಅದಕ್ಕೆ ಮಾತ್ರ ಹಟ ಸಡಿಲಿಸಿ ಗೆಳೆಯನೊಬ್ಬನ ಉದ್ದ ಕೊಳಲು ತರಿಸಿದೆ. ಅದನ್ನು ಗುನುಗಿ ತುಂಬಿಸುವವರ ಕವರ್ ನನಗೆ ಹಿಡಿಸುವುದಿಲ್ಲ.