ಹತ್ತು ಲಕ್ಷ ಕಮ್ಮಿ ಅಂತಾರೆ, ಮನೆ ತಗೊಳ್ಳೋದಾ?

ಭಾನುವಾರ ಬೆಳಗ್ಗೆ ದೋಸೆ ಹೊಯ್ಯುವ ಹೊತ್ತಿಗೇ ಫೋನ್ ಬರುತ್ತದೆ. 'ಸಾರ್, ಹೋದ ವರ್ಷ 90 ಲಕ್ಷ ಇದ್ದ ಎರಡು ಬೆಡ್‌ರೂಮಿನ ಫ್ಲಾಟ್. ಈಗ 80ಕ್ಕೆ ಬಿಡ್ತಿದ್ದೀವಿ. ಈ ತಿಂಗಳು ಮಾತ್ರ.' ಫೋನ್ ಇಟ್ಟ ಮೇಲೆ ದೋಸೆ ತಣ್ಣಗಾಗುತ್ತದೆ, ತಲೆ ಬಿಸಿಯಾಗುತ್ತದೆ. ಹತ್ತು ಲಕ್ಷ ಉಳಿಯುತ್ತದೆ ಅಂತ ಒಂದು ಮನಸ್ಸು. ಇನ್ನೂ ಇಳಿಯಬಹುದು, ಕಾಯೋಣ ಅಂತ ಇನ್ನೊಂದು.

ಈ 80 ಲಕ್ಷದ ಫ್ಲಾಟನ್ನೇ ಹಿಡಿದುಕೊಂಡು ಲೆಕ್ಕ ಹಾಕೋಣ. ಅಂಕಿಗಳು ಬೆಂಗಳೂರಿನವು. ಮೈಸೂರು, ಹುಬ್ಬಳ್ಳಿ, ಮಂಗಳೂರಿನವರು ತಮ್ಮ ಊರಿನ ಅಂಕಿ ಹಾಕಿಕೊಂಡರೆ ಆಯಿತು. ಒಂದು ಹಾಳೆ, ಒಂದು ಪೆನ್ನು, ಫೋನಿನ ಕ್ಯಾಲ್ಕುಲೇಟರ್ ಇದ್ದರೆ ಸಾಕು.

ಮೊದಲು, ಇಳಿದದ್ದು ನಿಜವಾ ನೋಡಿ

90 ಲಕ್ಷ ಅನ್ನುವುದು ಅವರು ಹೇಳಿದ ರೇಟು. ಆ ರೇಟಿಗೆ ಯಾರಾದರೂ ಕೊಂಡಿದ್ದಾರಾ? ಅದನ್ನು ತಿಳಿಯಲು ಒಂದು ಸುಲಭದ ದಾರಿ ಇದೆ. ಅದೇ ಕಟ್ಟಡದಲ್ಲಿ ಮಾರಾಟವಾಗಿರುವ ಒಂದೆರಡು ಫ್ಲಾಟುಗಳ ಋಣಭಾರ ಪತ್ರ, ಅಂದರೆ ಇಸಿ, ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ತೆಗೆಸಿ. ಅದರಲ್ಲಿ ಎಷ್ಟಕ್ಕೆ ಮಾರಾಟವಾಯಿತು ಅನ್ನುವ ಮೊತ್ತ ಇರುತ್ತದೆ. ಕೈಯಿಂದ ಕೈಗೆ ಹೋದ ನಗದು ಅದರಲ್ಲಿ ಕಾಣುವುದಿಲ್ಲ ನಿಜ. ಆದರೂ ಬ್ರೋಷರ್‌ಗಿಂತ ಇಸಿ ನಂಬಬಹುದಾದ ಕಾಗದ.

ಹೋಲಿಸುವಾಗ ಕಾರ್ಪೆಟ್ ಏರಿಯಾ, ಅಂದರೆ ಮನೆಯೊಳಗೆ ನೀವು ಬಳಸುವ ಜಾಗ, ಮಾತ್ರ ಹಿಡಿಯಿರಿ. ಲಿಫ್ಟು, ಮೆಟ್ಟಿಲು, ಕ್ಲಬ್‌ಹೌಸು ಎಲ್ಲ ಸೇರಿಸಿದ 'ಸೂಪರ್ ಬಿಲ್ಟ್‌ಅಪ್' ಅಡಿಗಳಲ್ಲಿ ನೀವು ಹಾಸಿಗೆ ಹಾಕಿ ಮಲಗಲು ಆಗುವುದಿಲ್ಲ.

ಇನ್ನೊಂದು ವಿಷಯ. ನಮ್ಮಲ್ಲಿ ಬಿಲ್ಡರ್‌ಗಳು ರೇಟು ಇಳಿಸಿದ್ದೇವೆ ಅಂತ ಬಾಯಿಬಿಟ್ಟು ಹೇಳುವುದು ಕಮ್ಮಿ. ಹಳೆಯ ರೇಟಿಗೆ ಕೊಂಡವರು ಬಂದು ಬಾಗಿಲು ತಟ್ಟುತ್ತಾರಲ್ಲ! ಅದಕ್ಕೇ ಕಾರ್ ಪಾರ್ಕಿಂಗ್ ಫ್ರೀ, ಮಾಡ್ಯುಲರ್ ಕಿಚನ್ ಫ್ರೀ, ಜಿಎಸ್‌ಟಿ ನಮ್ಮದು ಅನ್ನುತ್ತಾರೆ. ಇವೆಲ್ಲ ರೇಟು ಇಳಿದಿರುವ ಗುರುತೇ. ಆದರೆ 'ಎರಡು ವರ್ಷ ಇಎಂಐ ನಾವೇ ಕಟ್ಟುತ್ತೇವೆ' ಅಂದರೆ ಎದ್ದು ಬನ್ನಿ. ಸಾಲ ಇರುವುದು ನಿಮ್ಮ ಹೆಸರಲ್ಲಿ. ಅವರು ಕಟ್ಟುವುದು ನಿಲ್ಲಿಸಿದ ದಿನ ಬ್ಯಾಂಕಿನವರು ಬರುವುದು ನಿಮ್ಮ ಮನೆಗೆ. ಇಂಥ ಸಾಲದಿಂದ ದೂರ ಇರಿ ಎಂದು ರಾಷ್ಟ್ರೀಯ ವಸತಿ ಬ್ಯಾಂಕ್ 2019ರ ಜುಲೈನಲ್ಲೇ ಗೃಹಸಾಲ ಕಂಪನಿಗಳಿಗೆ ಹೇಳಿದೆ.

ಅಂಕಿ ಇಳಿಯದೆಯೂ ಬೆಲೆ ಇಳಿಯುತ್ತದೆ. 2016ರ ನವೆಂಬರಿನಲ್ಲಿ ನೋಟು ರದ್ದಾಯಿತು. 2017ರಲ್ಲಿ ಬಿಲ್ಡರ್‌ಗಳಿಗೆ ಕಡಿವಾಣ ಹಾಕುವ ರೇರಾ ಕಾಯ್ದೆ ಮತ್ತು ಜಿಎಸ್‌ಟಿ ಬಂದವು. ಆಮೇಲಿನ ಕೆಲವು ವರ್ಷ ಎಷ್ಟೋ ಕಡೆ ಫ್ಲಾಟಿನ ರೇಟು ನಿಂತಲ್ಲೇ ನಿಂತಿತ್ತು. ಅಕ್ಕಿ, ಹಾಲು, ಸ್ಕೂಲ್ ಫೀಸು ಮಾತ್ರ ಏರುತ್ತಲೇ ಇದ್ದವು. ಕಾಗದದ ಮೇಲೆ ಯಾರಿಗೂ ನಷ್ಟವಿಲ್ಲ, ಲೆಕ್ಕದಲ್ಲಿ ಎಲ್ಲರಿಗೂ ನಷ್ಟ.

ಇಳಿದದ್ದು ನಿಜ ಅಂತಾದರೆ, ಯಾಕೆ ಅಂತ ಕೇಳಿ. ಸುತ್ತಲಿನ ಎಲ್ಲ ಕಟ್ಟಡಗಳಲ್ಲೂ ಇಳಿದಿದ್ದರೆ ಅದು ಮಾರುಕಟ್ಟೆಯ ಇಳಿತ. ಇದೊಂದೇ ಕಟ್ಟಡದಲ್ಲಿ ಇಳಿದಿದ್ದರೆ ರೋಗ ಕಟ್ಟಡದಲ್ಲೇ ಇದೆ. 2018ರಲ್ಲಿ ನಾನು ಇಂಥದ್ದೇ ಒಂದು ಫ್ಲಾಟಿಗೆ ಅಡ್ವಾನ್ಸ್ ಕೊಟ್ಟುಬಿಟ್ಟೆ. ಅಕ್ಕಪಕ್ಕಕ್ಕಿಂತ ಏಳು ಲಕ್ಷ ಕಮ್ಮಿ ಅನ್ನುವ ಖುಷಿ. ಕಟ್ಟಡಕ್ಕೆ ವಾಸಯೋಗ್ಯ ಪ್ರಮಾಣಪತ್ರ, ಅಂದರೆ ಓಸಿ, ಸಿಕ್ಕೇ ಇಲ್ಲ ಅಂತ ಆಮೇಲೆ ಗೊತ್ತಾಯಿತು. ಅಡ್ವಾನ್ಸ್ ವಾಪಸ್ ಬರಲು ಹದಿನಾಲ್ಕು ತಿಂಗಳು ಬೇಕಾಯಿತು. ಅದೂ ಪೂರ್ತಿ ಬರಲಿಲ್ಲ.

ನನ್ನ ಪ್ರಕಾರ ಒಳ್ಳೆಯ ಡಿಸ್ಕೌಂಟ್ ಸಿಗುವುದು ಮಾರುವವರಿಗೆ ಅವಸರ ಇದ್ದಾಗ. ವರ್ಗವಾಗಿದೆ, ವಿದೇಶಕ್ಕೆ ಹೊರಟಿದ್ದಾರೆ, ಅಣ್ಣತಮ್ಮಂದಿರು ಪಾಲು ಹಂಚಿಕೊಳ್ಳಬೇಕು. ಅಲ್ಲಿ ಮನೆಯಲ್ಲಿ ದೋಷ ಇರುವುದಿಲ್ಲ, ಅವರ ಕ್ಯಾಲೆಂಡರಿನಲ್ಲಿ ಇರುತ್ತದೆ.

ಬಾಡಿಗೆ ಲೆಕ್ಕ: ಇದನ್ನು ಹಾರಿಸಬೇಡಿ

'ಬಾಡಿಗೆ ಕಟ್ಟುವುದು ದಂಡ' ಅನ್ನುವ ಮಾತು ನಮ್ಮ ಮನೆಗಳಲ್ಲಿ ಎಷ್ಟು ಸಲ ಬರುತ್ತದೆ ಅಲ್ವಾ? ನೋಡೋಣ.

80 ಲಕ್ಷದ ಮನೆ. 60 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ. ಇಎಂಐ ಸುಮಾರು 52,070 ರೂಪಾಯಿ. ಮೊದಲ ತಿಂಗಳ ಕಂತಿನಲ್ಲಿ 42,500 ಬರೀ ಬಡ್ಡಿ. ಅದು ಬ್ಯಾಂಕಿಗೆ ನೀವು ಕಟ್ಟುವ ಬಾಡಿಗೆ, ಮನೆಗಲ್ಲ, ದುಡ್ಡಿಗೆ.

ನಿಮ್ಮ ಕೈಯಿಂದ 20 ಲಕ್ಷ ಹೋಗುತ್ತದೆ. ಅದರ ಮೇಲೆ ನೋಂದಣಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1ರ ಬದಲು ಶೇ 2. ಒಟ್ಟು ಶೇ 7.6, ಅಂದರೆ 6.08 ಲಕ್ಷ. ಕಟ್ಟುತ್ತಿರುವ ಮನೆಯಾದರೆ ಇನ್ನೂ ಶೇ 5 ಜಿಎಸ್‌ಟಿ. ಓಸಿ ಸಿಕ್ಕಿರುವ ಮನೆಗೆ ಜಿಎಸ್‌ಟಿ ಇಲ್ಲ. ಹಾಗೆ ಕೈಬಿಟ್ಟ 26 ಲಕ್ಷ ಶೇ 6.5ರ ಎಫ್‌ಡಿಯಲ್ಲಿ ಇದ್ದಿದ್ದರೆ ತಿಂಗಳಿಗೆ ಸುಮಾರು 14,000 ಬರುತ್ತಿತ್ತು. ಮೇಂಟೆನೆನ್ಸ್ 4,000 ಅಂತಿಟ್ಟುಕೊಳ್ಳಿ.

ಎಲ್ಲ ಕೂಡಿಸಿ: 42,500, 14,000, 4,000. ಸ್ವಂತ ಮನೆಯಲ್ಲಿರಲು ಶುರುವಿನಲ್ಲಿ ತಿಂಗಳಿಗೆ 60,500 ಖರ್ಚು. ಅದೇ ಫ್ಲಾಟಿನ ಬಾಡಿಗೆ 26,000 ಅಂದುಕೊಳ್ಳೋಣ. ವ್ಯತ್ಯಾಸ 34,500. ವರ್ಷಕ್ಕೆ 4.14 ಲಕ್ಷ. ಅಂದರೆ ಮನೆಯ ಬೆಲೆ ವರ್ಷಕ್ಕೆ ಶೇ 5ರಷ್ಟು ಏರಿದರೆ ಮಾತ್ರ ನೀವು ಬಾಡಿಗೆಯವರ ಸಮಕ್ಕೆ ಬರುತ್ತೀರಿ. ಬೆಲೆ ಇಳಿಯುತ್ತಿರುವ ಕಾಲದಲ್ಲಿ ಈ ಶೇ 5 ಎಲ್ಲಿಂದ ಬರಬೇಕು?

ತೆರಿಗೆ ಉಳಿಯುತ್ತದಲ್ಲ ಅನ್ನಬಹುದು. ಹೊಸ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ವಾಸದ ಮನೆಯ ಸಾಲದ ಬಡ್ಡಿ ಮೇಲೆ ಏನೂ ಉಳಿಯುವುದಿಲ್ಲ.

ಇಷ್ಟು ಲೆಕ್ಕ ಬೇಡ ಅನ್ನುವವರು ಒಂದೇ ಭಾಗಾಕಾರ ಮಾಡಿ. ಮನೆಯ ಬೆಲೆಯನ್ನು ವರ್ಷದ ಬಾಡಿಗೆಯಿಂದ ಭಾಗಿಸಿ. 90 ಲಕ್ಷಕ್ಕೆ ಸುಮಾರು 29 ಬರುತ್ತದೆ, 80 ಲಕ್ಷಕ್ಕೆ 26ರ ಹತ್ತಿರ. ನಾನು ಇಟ್ಟುಕೊಂಡ ಗೆರೆ 25. ಅದಕ್ಕಿಂತ ಕೆಳಗೆ ಬಂದರೆ ಮನೆ ನೋಡಲು ಹೋಗುತ್ತೇನೆ. 30 ದಾಟಿದರೆ ಫೋನೇ ಎತ್ತುವುದಿಲ್ಲ. ಈ 80 ಲಕ್ಷದ ಫ್ಲಾಟು 77ಕ್ಕೆ ಬಂದರೆ ಮಾತಾಡಬಹುದು.

ಹನ್ನೊಂದು ತಿಂಗಳಿಗೊಮ್ಮೆ 'ಮಗಳ ಮದುವೆ, ಮನೆ ಖಾಲಿ ಮಾಡಿ' ಅನ್ನುವ ಓನರ್, ಮಕ್ಕಳ ಸ್ಕೂಲು, ಮೆಟ್ಟಿಲು ಹತ್ತಲಾಗದ ಅಪ್ಪ ಅಮ್ಮ. ಇವು ಕ್ಯಾಲ್ಕುಲೇಟರಿಗೆ ಸಿಗುವುದಿಲ್ಲ. ಇವುಗಳಿಗೋಸ್ಕರ ತಿಂಗಳಿಗೆ 34,500 ಜಾಸ್ತಿ ಕೊಡಲು ನಿಮಗೆ ಒಪ್ಪಿಗೆ ಇದೆಯಾ? ಇದ್ದರೆ ಧೈರ್ಯವಾಗಿ ಕೊಳ್ಳಿ, ತಪ್ಪೇನಿಲ್ಲ. ಹೂಡಿಕೆ ಅಂತ ಮಾತ್ರ ನಿಮಗೆ ನೀವೇ ಹೇಳಿಕೊಳ್ಳಬೇಡಿ.

ಕೊಂಡ ಮೇಲೂ ಇಳಿದರೆ?

ಬೆಲೆ ತಳ ಮುಟ್ಟಿತು ಅಂತ ಯಾರೂ ಗಂಟೆ ಹೊಡೆದು ಹೇಳುವುದಿಲ್ಲ. ಅಮೆರಿಕದಲ್ಲಿ ಮನೆ ಬೆಲೆ 2006ರಲ್ಲಿ ತುದಿಗೆ ಹೋಗಿ ಇಳಿಯಲು ಶುರುವಾಯಿತು. ಅಲ್ಲಿರುವ ನಮ್ಮವರಲ್ಲೂ 'ಅಗ್ಗವಾಯಿತು' ಅಂತ 2008ರಲ್ಲಿ ಕೊಂಡವರಿದ್ದಾರೆ. ಇಳಿತ ನಿಂತದ್ದು 2012ರಲ್ಲಿ. ಜಪಾನಿನಲ್ಲಿ 1991ರ ನಂತರ ಜಮೀನಿನ ಬೆಲೆ ಹತ್ತು ವರ್ಷಕ್ಕೂ ಜಾಸ್ತಿ ಕಾಲ ಇಳಿಯುತ್ತಲೇ ಹೋಯಿತು.

ಇಳಿತ ಕಚ್ಚುವುದು ಸಾಲ ಇದ್ದಾಗ. 80 ಲಕ್ಷದ ಮನೆ ಶೇ 10 ಇಳಿದರೆ 8 ಲಕ್ಷ ಹೋಯಿತು. ಅದು ಬ್ಯಾಂಕಿನ ಪಾಲಿನಿಂದ ಹೋಗುವುದಿಲ್ಲ. ನೀವು ಹಾಕಿದ 20 ಲಕ್ಷದಲ್ಲಿ ಶೇ 40 ಹೋದ ಹಾಗೆ. ಐದು ವರ್ಷ ಇಎಂಐ ಕಟ್ಟಿದ ಮೇಲೆ ಎಷ್ಟು ಸಾಲ ಉಳಿದಿರುತ್ತದೆ ಗೊತ್ತಾ? ಸುಮಾರು 52.9 ಲಕ್ಷ. 31 ಲಕ್ಷ ಕಟ್ಟಿ, ಸಾಲ ಕರಗಿದ್ದು ಬರೀ 7 ಲಕ್ಷ. ಆದ್ದರಿಂದ ಏಳೆಂಟು ವರ್ಷ ಅದೇ ಮನೆಯಲ್ಲಿ ಇರುತ್ತೇವೆ ಅನ್ನುವ ಖಾತ್ರಿ ಇಲ್ಲದಿದ್ದರೆ, ಹತ್ತು ಲಕ್ಷದ ಡಿಸ್ಕೌಂಟಿಗೆ ಮರುಳಾಗಬೇಡಿ. ಇರುತ್ತೇವೆ ಅಂತಾದರೆ ನಡುವೆ ಬೆಲೆ ಇಳಿದದ್ದು ನಿಮ್ಮ ಕಣ್ಣಿಗೆ ಬೀಳುವುದೂ ಇಲ್ಲ.

ಇಳಿತದ ಕಾಲದಲ್ಲಿ ಕೆಲಸಗಳೂ ಅಲ್ಲಾಡುತ್ತವೆ. ಮನೆ ಅಗ್ಗವಾಗುವುದಕ್ಕೆ ಎಷ್ಟೋ ಸಲ ಅದೇ ಕಾರಣ. ಆರು ತಿಂಗಳ ಇಎಂಐ, ಅಂದರೆ 3.12 ಲಕ್ಷ, ಬೇರೆ ಖಾತೆಯಲ್ಲಿ ಮುಟ್ಟದೆ ಇಟ್ಟಿರಬೇಕು.

ಬಡ್ಡಿಯನ್ನೂ ಗಮನಿಸಿ. ರಿಸರ್ವ್ ಬ್ಯಾಂಕ್ 2025ರ ಫೆಬ್ರುವರಿಯಿಂದ ಡಿಸೆಂಬರ್ ಒಳಗೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಶೇ 6.5ರಿಂದ ಶೇ 5.25ಕ್ಕೆ ಇಳಿಸಿತು. ಇಳಿದದ್ದು ಏರಲೂಬಹುದು. 60 ಲಕ್ಷದ ಸಾಲಕ್ಕೆ ಅರ್ಧ ಶೇಕಡಾ ಅಂದರೆ ತಿಂಗಳಿಗೆ ಸುಮಾರು 1,900 ರೂಪಾಯಿ. ಎರಡು ಬ್ಯಾಂಕುಗಳ ಬಾಗಿಲು ತಟ್ಟಿ ಅರ್ಧ ಶೇಕಡಾ ಇಳಿಸಿಕೊಂಡರೆ, ಬಿಲ್ಡರ್ ಹತ್ತಿರ ಎರಡು ಲಕ್ಷಕ್ಕೂ ಜಾಸ್ತಿ ಚೌಕಾಸಿ ಮಾಡಿದ್ದಕ್ಕೆ ಸಮ.

ತೀರಾ ಅಗ್ಗವಾದರೆ ತೆರಿಗೆ ಬೀಳುತ್ತದೆ

ಪ್ರತಿ ಏರಿಯಾಕ್ಕೂ ಸರ್ಕಾರದ ಮಾರ್ಗಸೂಚಿ ದರ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ, ಇದೆ. ಕರ್ನಾಟಕದಲ್ಲಿ 2023ರ ಅಕ್ಟೋಬರ್ 1ರಂದು ಅದು ಸರಾಸರಿ ಶೇ 30ರಷ್ಟು ಏರಿತು. ಮಾರುಕಟ್ಟೆ ಇಳಿದ ಕೂಡಲೇ ಅದೂ ಇಳಿಯುವುದಿಲ್ಲ.

ನಿಮ್ಮ ಫ್ಲಾಟಿಗೆ ಮಾರ್ಗಸೂಚಿ ದರದಲ್ಲಿ 80 ಲಕ್ಷ, ನಿಮಗೆ ಸಿಕ್ಕಿದ್ದು 68ಕ್ಕೆ ಅನ್ನಿ. ಮುದ್ರಾಂಕ ಶುಲ್ಕ 80ರ ಮೇಲೇ ಕಟ್ಟಬೇಕು. ಅಷ್ಟೇ ಅಲ್ಲ, ವ್ಯತ್ಯಾಸ ನೀವು ಕೊಟ್ಟ ಬೆಲೆಯ ಶೇ 10 ದಾಟಿದ್ದರಿಂದ, ಪೂರ್ತಿ 12 ಲಕ್ಷ ನಿಮ್ಮ ಆದಾಯಕ್ಕೆ ಸೇರುತ್ತದೆ. ಶೇ 30ರ ಸ್ಲ್ಯಾಬಿನವರಿಗೆ 3.6 ಲಕ್ಷ ತೆರಿಗೆ, ಮೇಲೆ ಸೆಸ್. ಅಗ್ಗಕ್ಕೆ ಕೊಂಡ ತಪ್ಪಿಗೆ! 73 ಲಕ್ಷಕ್ಕೆ ಕೊಂಡಿದ್ದರೆ ಈ ಕಾಟ ಇಲ್ಲ. ಚೌಕಾಸಿಗೆ ಕೂರುವ ಮೊದಲೇ ಕಾವೇರಿ ಪೋರ್ಟಲ್‌ನಲ್ಲಿ ಈ ದರ ನೋಡಿಕೊಳ್ಳಿ.

ಕಾಗದ

ಇದನ್ನು ವಕೀಲರಿಗೆ ಬಿಡಿ. ನಿಮ್ಮ ಕಣ್ಣಿಗೆ ನಾಲ್ಕು ಬೀಳಲಿ: ರೇರಾ ನೋಂದಣಿ ಸಂಖ್ಯೆ, ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), 30 ವರ್ಷದ ಇಸಿ, ಓಸಿ. ಓಸಿ ಇಲ್ಲದ ಕಟ್ಟಡಕ್ಕೆ ಕರೆಂಟು, ನೀರಿನ ಸಂಪರ್ಕ ಕೊಡಬಾರದು ಎಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ 'ಆಮೇಲೆ ಬರುತ್ತೆ ಸಾರ್' ಅನ್ನುವ ಮಾತಿಗೆ ಬೆಲೆಯಿಲ್ಲ. ಕಟ್ಟುತ್ತಿರುವ ಯೋಜನೆಯಾದರೆ, ಕರಾರು ಪತ್ರ ನೋಂದಣಿ ಆಗುವ ಮುಂಚೆ ಶೇ 10ಕ್ಕಿಂತ ಜಾಸ್ತಿ ದುಡ್ಡು ಕೇಳುವಂತಿಲ್ಲ. ರೇರಾ ಸಂಖ್ಯೆಯೇ ಬರದ 'ಪ್ರೀ-ಲಾಂಚ್' ರೇಟು ಎಷ್ಟೇ ಕಮ್ಮಿ ಇರಲಿ, ಬೇಡ. ಬೆಲೆ 50 ಲಕ್ಷ ಅಥವಾ ಜಾಸ್ತಿ ಇದ್ದರೆ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ 1 ತೆರಿಗೆ, ಅಂದರೆ ಟಿಡಿಎಸ್, ಹಿಡಿದು ಸರ್ಕಾರಕ್ಕೆ ಕಟ್ಟುವ ಹೊಣೆ ಕೊಳ್ಳುವವರದು.

ಚೌಕಾಸಿಗೆ ಕೂರುವ ಮುಂಚೆ

ಸಾಲದ ಅರ್ಜಿ ಹಾಕಿದಾಗ ಬ್ಯಾಂಕು ತನ್ನ ಮೌಲ್ಯಮಾಪಕರನ್ನು ಕಳಿಸುತ್ತದೆ. ಅವರು 74 ಅಂತ ಬರೆದರೆ ಬ್ಯಾಂಕು ಸಾಲ ಕೊಡುವುದು 74ರ ಲೆಕ್ಕದಲ್ಲಿ. ಬೇಜಾರಾಗಬೇಡಿ. ಆ ಅಂಕಿಯನ್ನು ಮಾರುವವರ ಮುಂದೆ ಇಡಿ. ಇದಕ್ಕಿಂತ ಗಟ್ಟಿ ವಾದ ನಿಮಗೆ ಬೇರೆ ಸಿಗುವುದಿಲ್ಲ.

ಮನೆಯನ್ನು ಎರಡು ಸಲ ನೋಡಿ. ಒಮ್ಮೆ ಜೋರು ಮಳೆಯ ಮಾರನೆಯ ದಿನ. 2022ರ ಸೆಪ್ಟೆಂಬರಿನಲ್ಲಿ ಸರ್ಜಾಪುರ ರಸ್ತೆ, ಬೆಳ್ಳಂದೂರಿನ ಕಡೆ ಕೋಟಿಗಟ್ಟಲೆ ಬೆಲೆಯ ಮನೆಗಳಿಂದ ಜನ ಟ್ರ್ಯಾಕ್ಟರಿನಲ್ಲಿ ಹೊರಗೆ ಬಂದದ್ದು ನೆನಪಿದೆಯಲ್ಲ. ಇನ್ನೊಮ್ಮೆ ಬೇಸಿಗೆಯ ಸಂಜೆ ಹೋಗಿ, ಸೇಲ್ಸ್‌ನವರಿಲ್ಲದೆ. ಗೇಟಿನ ವಾಚ್‌ಮನ್ ಜೊತೆ ಒಂದು ಟೀ ಕುಡಿಯಿರಿ. ದಿನಕ್ಕೆ ಎಷ್ಟು ಟ್ಯಾಂಕರ್ ಬರುತ್ತವೆ, ಎಷ್ಟು ಫ್ಲಾಟು ಖಾಲಿ ಇವೆ, ಕೊಂಡವರಲ್ಲಿ ಎಷ್ಟು ಜನ ಮಾರಲು ಓಡಾಡುತ್ತಿದ್ದಾರೆ ಅಂತ ಸುಮ್ನೆ ಕೇಳಿ. ನಾನು 2018ರಲ್ಲಿ ಕುಡಿಯದೆ ಬಿಟ್ಟದ್ದು ಆ ಟೀ.