ಅಂಗಳಕ್ಕೆ ಹಕ್ಕಿ ಬರಬೇಕೇ? ಮೊದಲು ನೀರಿನ ತಟ್ಟೆ ಸರಿಯಾಗಿಡಿ

ಫೆಬ್ರವರಿ ಮುಗಿಯುತ್ತಾ ಬಂತೆಂದರೆ ಕೊಡಗಿನಲ್ಲಿ ಎಲ್ಲರ ಕಣ್ಣೂ ಆಕಾಶದ ಮೇಲೆ. ಹೂಮಳೆ ಬಿತ್ತಾ, ನಿಮ್ಮಲ್ಲಿ ಎಷ್ಟು ಸೆಂಟು (ಮಳೆಯ ಅಳತೆ, ಇಂಚಿನ ನೂರರಲ್ಲೊಂದು ಪಾಲು), ಅದೇ ಮಾತು. ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಹಾಲುವಾಣದ ಕೆಂಪು ಹೂವಿನಲ್ಲಿ ಗೊರವಂಕ, ಕಾಜಾಣ, ಪಿಕಳಾರಗಳ ಗಲಾಟೆ. ಇದೇ ಹೊತ್ತಿಗೆ ತೋಡುಗಳು ಬತ್ತಿರುತ್ತವೆ. ಹಕ್ಕಿಗಳಿಗೆ ಹೂವೇನೋ ಬೇಕಾದಷ್ಟಿದೆ, ನೀರಿಗೇ ಬರ. ಅವನ್ನು ಅಂಗಳಕ್ಕೆ ಕರೆಯಲು ಇದಕ್ಕಿಂತ ಒಳ್ಳೆಯ ಕಾಲ ಇಲ್ಲ.

"ಅಕ್ಕಾ, ನಾವೂ ನೀರು ಇಟ್ಟಿದ್ದೇವೆ, ಒಂದು ಹಕ್ಕಿಯೂ ಬರೋದಿಲ್ಲ" ಎಂದು ಪ್ರತಿ ವರ್ಷ ಯಾರಾದರೂ ಹೇಳುತ್ತಾರೆ. ಹೋಗಿ ನೋಡಿದರೆ ಬಿಸಿಲಲ್ಲಿ ಕಾಯುತ್ತಿರುವ ಸ್ಟೀಲ್ ಬೇಸಿನ್, ಅದರಲ್ಲಿ ಗೇಣುದ್ದ ನೀರು. ಆ ಬೇಸಿನ್ ಅಂಚಿಗೆ ಒಂದು ಪಿಕಳಾರ ಬಂದು ಕೂತದ್ದನ್ನು ನಾನೇ ನೋಡಿದ್ದೇನೆ. ಎರಡು ಸಲ ಕಾಲು ಜಾರಿತು. ಕತ್ತು ಬಗ್ಗಿಸಿ ನೀರನ್ನು ನೋಡಿತು, ಇನ್ನೊಮ್ಮೆ ನೋಡಿತು, ಹಾರಿ ಹೋಯಿತು. ಬಾಯಾರಿ ಬಂದ ಹಕ್ಕಿ ಹಾಗೇ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಹೆಜ್ಜೆ 1: ಗಿಡ

ಹೊಸದೇನೂ ಕೊಳ್ಳಬೇಕಾಗಿಲ್ಲ. ಐದೆಸಳಿನ ಕೆಂಪು ದಾಸವಾಳ, ಕೇಪಳ, ಅರಳದೆ ಮೊಗ್ಗಿನ ಹಾಗೇ ಉಳಿಯುವ ಮೊಗ್ಗು ದಾಸವಾಳ, ಹಿತ್ತಿಲ ಬಾಳೆ, ಇಷ್ಟಿದ್ದರೆ ಸೂರಕ್ಕಿಗಳಿಗೆ ಸಾಕು. ಜಾಗ ಇದ್ದರೆ ಒಂದು ಗಸಗಸೆ ಹಣ್ಣಿನ ಗಿಡ ಹಾಕಿ, ಪಿಕಳಾರಕ್ಕೂ ಕುಟ್ರುಹಕ್ಕಿಗೂ ಆಗುತ್ತದೆ. ಮಡಿಕೇರಿಯ ರಾಜಾಸೀಟ್ ಉದ್ಯಾನದ ಫಲಪುಷ್ಪ ಪ್ರದರ್ಶನ ನೋಡಿ ಬಂದವರು ಪೆಟೂನಿಯಾ, ಡೇಲಿಯಾ, ಆಂಥೂರಿಯಂ ತಂದು ಸಾಲಾಗಿ ಜೋಡಿಸುತ್ತಾರೆ. ನೋಡಲು ಚೆಂದವೇ, ಆದರೆ ಹಕ್ಕಿಗಳಿಗೆ ಅದರಿಂದ ಹೆಚ್ಚು ಪ್ರಯೋಜನ ಇಲ್ಲ. ಮುದ್ದೆ ದಾಸವಾಳವೂ ಅಷ್ಟೆ, ಆ ಎಸಳುಗಳ ರಾಶಿಯಲ್ಲಿ ಮಕರಂದ ಸಿಗುವುದು ಕಷ್ಟ.

ಗುಲಾಬಿಗೆ ಹುಳ ಬಂತೆಂದು ಈ ತಿಂಗಳುಗಳಲ್ಲಿ ಔಷಧಿ ಹೊಡೆಯಬೇಡಿ. ಸೂರಕ್ಕಿ ಮಕರಂದ ಕುಡಿದರೂ ಮರಿಗಳಿಗೆ ಕೊಡುವುದು ಪುಟ್ಟ ಹುಳ, ಜೇಡಗಳನ್ನೇ.

ಹೆಜ್ಜೆ 2: ನೀರಿನ ತಟ್ಟೆ

ಎಲ್ಲರೂ ಕೆಡಿಸುವುದು ಇಲ್ಲಿಯೇ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಹೂಕುಂಡದ ಕೆಳಗೆ ಇಡುವ ಮಣ್ಣಿನ ತಟ್ಟೆ ತನ್ನಿ. ಒಂದೂವರೆ ಅಡಿ ಅಗಲ ಇದ್ದರೆ ಒಳ್ಳೆಯದು. ಬಣ್ಣ ಬಳಿದದ್ದು ಬೇಡ, ಹೊಳಪು ಕೊಟ್ಟ ಪಿಂಗಾಣಿಯೂ ಬೇಡ. ಕೈಯಾಡಿಸಿದರೆ ತರಿತರಿ ಅನ್ನಿಸಬೇಕು, ಆಗಲೇ ಹಕ್ಕಿಯ ಉಗುರಿಗೆ ಹಿಡಿತ ಸಿಗುವುದು. ಆನ್‌ಲೈನಿನಲ್ಲಿ ಬರುವ ಬಣ್ಣಬಣ್ಣದ ಪ್ಲಾಸ್ಟಿಕ್ ಬಟ್ಟಲು, ಸಕ್ಕರೆ ನೀರು ತುಂಬಿ ನೇತುಹಾಕುವ ಕೆಂಪು ಬಾಟಲಿ, ಇವಕ್ಕೆ ದುಡ್ಡು ಹಾಕಲೇಬೇಡಿ. ಸಕ್ಕರೆ ನೀರು ನಮ್ಮ ಸೆಕೆಗೆ ಬೇಗ ಹುಳಿಯುತ್ತದೆ. ಮನೆ ಮುಂದೆ ದಾಸವಾಳ ಇರುವಾಗ ಅದರ ಅಗತ್ಯವೂ ಇಲ್ಲ.

ಆಳವನ್ನು ಬೆರಳಿನಲ್ಲೇ ಅಳೆಯಬಹುದು. ನಡುವೆ ತೋರುಬೆರಳಿನ ಎರಡು ಗೆಣ್ಣು ಮುಳುಗಬೇಕು, ಅಂಚಿನಲ್ಲಿ ಉಗುರು ಮುಳುಗುವಷ್ಟು ಸಾಕು. ನಡುವೆ ಎರಡು ಇಂಚಿಗಿಂತ ಜಾಸ್ತಿ ಆದರೆ ಸಣ್ಣ ಹಕ್ಕಿಗಳು ಇಳಿಯುವುದಿಲ್ಲ. ತಟ್ಟೆಯ ಅಂಚು ನೆಟ್ಟಗಿದ್ದರೆ ಒಳಗೆ ಒಂದು ಪಕ್ಕ ಜಲ್ಲಿ ಸುರಿದು ಇಳಿಜಾರು ಮಾಡಿ. ತೋಡಿನಿಂದ ಒಂದು ಚಪ್ಪಟೆ ಕಲ್ಲು ತಂದು, ಬೆನ್ನು ನೀರಿನ ಮೇಲೆ ಕಾಣುವ ಹಾಗೆ ನಡುವೆ ಇಡಿ. ಹೆಚ್ಚಿನ ಹಕ್ಕಿಗಳು ಮೊದಲು ಆ ಕಲ್ಲಿನ ಮೇಲೇ ಇಳಿಯುತ್ತವೆ.

ಇನ್ನು ಜಾಗ. ಮಧ್ಯಾಹ್ನ ನೆರಳು ಬೀಳಬೇಕು, ಇಲ್ಲದಿದ್ದರೆ ನೀರು ಬಿಸಿಯಾಗುತ್ತದೆ. ಹತ್ತಿರದಲ್ಲಿ ಗಿಡ ಇರಬೇಕು, ಆದರೆ ತಟ್ಟೆಗೆ ಅಂಟಿಕೊಂಡಿರಬಾರದು. ಏಳೆಂಟು ಅಡಿ ದೂರ ಇರಲಿ. ಪೊದೆ ತೀರಾ ಹತ್ತಿರ ಇದ್ದರೆ ಬೆಕ್ಕು ಹೊಂಚು ಹಾಕುತ್ತದೆ. ತೀರಾ ದೂರ ಇದ್ದರೆ ರೆಕ್ಕೆ ಒದ್ದೆಯಾದ ಹಕ್ಕಿಗೆ ಓಡಿ ಅಡಗಲು ತಾವಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಕಡಿದ ಸಿಲ್ವರ್ ಓಕಿನ ದಿಮ್ಮಿ ನಿಲ್ಲಿಸಿ, ಮೂರು-ನಾಲ್ಕು ಅಡಿ ಎತ್ತರದಲ್ಲಿ ಇಡಿ. ಬೆಕ್ಕಿಲ್ಲದ ಮನೆಯಾದರೆ ನೆಲವೇ ವಾಸಿ, ಮಡಿವಾಳ ಹಕ್ಕಿ ನೆಲದ ನೀರಿಗೆ ಹಿಂಜರಿಯದೆ ಬರುತ್ತದೆ.

ಮೇಲಿನಿಂದ ಹನಿ ಬೀಳುತ್ತಿದ್ದರೆ ಹಕ್ಕಿಗಳಿಗೆ ದೂರದಿಂದಲೇ ಗೊತ್ತಾಗುತ್ತದೆ. ಎರಡು ಲೀಟರಿನ ಮಡಕೆಯ ತಳಕ್ಕೆ ಮೊಳೆಯಿಂದ ತೂತು ಮಾಡಿ, ಹತ್ತಿ ಬಟ್ಟೆಯ ಬತ್ತಿ ತುರುಕಿ ಕೊಂಬೆಗೆ ಕಟ್ಟಿ. ಸೆಕೆಂಡಿಗೆ ಒಂದು ಹನಿ ಬೀಳುವ ಹಾಗೆ ಬತ್ತಿಯನ್ನು ಬಿಗಿ ಮಾಡಿಕೊಳ್ಳಿ. ಬೆಳಿಗ್ಗೆ ತುಂಬಿಸಿದರೆ ಸಂಜೆವರೆಗೆ ಬರುತ್ತದೆ.

ದಿನಾ ಬೆಳಿಗ್ಗೆ ಹಳೆ ನೀರನ್ನು ಗಿಡದ ಬುಡಕ್ಕೆ ಚೆಲ್ಲಿ, ತೆಂಗಿನ ನಾರಿನಲ್ಲಿ ತಿಕ್ಕಿ, ಹೊಸ ನೀರು ಹಾಕಿ. ಸೋಪು ಬೇಡ. ವಾರಗಟ್ಟಲೆ ಬದಲಾಯಿಸದೆ ಬಿಟ್ಟರೆ ಅದೇ ನೀರಿನಿಂದ ಸೊಳ್ಳೆ ಎದ್ದು ಬರುತ್ತದೆ, ಹಿಕ್ಕೆ ಬಿದ್ದ ನೀರಿನಿಂದ ಹಕ್ಕಿಗೂ ಕಾಯಿಲೆ. ದಿನಾ ಆಗುವುದಿಲ್ಲ ಅನ್ನುವವರು ತಟ್ಟೆ ಇಡದಿರುವುದೇ ಒಳ್ಳೆಯದು.

ಇಟ್ಟ ಮೇಲೆ ಜಾಗ ಬದಲಿಸಬೇಡಿ. ಎರಡು ದಿನಕ್ಕೇ ಬೇಸರಪಟ್ಟು ಆ ಮೂಲೆಯಿಂದ ಈ ಮೂಲೆಗೆ ಒಯ್ಯುತ್ತಾರೆ, ಹಕ್ಕಿ ಮತ್ತೆ ಮೊದಲಿನಿಂದ ನಂಬಿಕೆ ಬೆಳೆಸಿಕೊಳ್ಳಬೇಕಾಗುತ್ತದೆ. ಎರಡು ವಾರ ಕೊಡಿ.

ಸೂರಕ್ಕಿ ಮಾತ್ರ ತಟ್ಟೆಗೆ ಅಪರೂಪ. ಅದಕ್ಕೆ ಒದ್ದೆ ಎಲೆಯೇ ಬಚ್ಚಲು. ಬಾಳೆ, ಕ್ಯಾನಾ ಎಲೆಗಳಿಗೆ ಸಂಜೆ ನೀರು ಚಿಮುಕಿಸಿ ನೋಡಿ. ಹೋದ ಮಾರ್ಚಿನಲ್ಲಿ ನಮ್ಮನೆ ಬಾಳೆ ಎಲೆಯ ಮೇಲೆ ಒಂದು ಚಿಕ್ಕ ಸೂರಕ್ಕಿ, ಹೆಬ್ಬೆರಳಿನಷ್ಟು ಇದ್ದೀತು, ಎದೆ ಒತ್ತಿ ಮೇಲಿನಿಂದ ಕೆಳಗೆ ಜಾರಿತು. ತುದಿಗೆ ಬಂದು, ಮೈ ಕೊಡವಿ, ಮತ್ತೆ ಮೇಲೆ ಹೋಗಿ ಜಾರಿತು. ಬೆನ್ನಿನ ಕಡುಗೆಂಪು ಒದ್ದೆಯಾಗಿ ಇನ್ನೂ ಗಾಢವಾಗಿತ್ತು. ಸೂರಕ್ಕಿಗಳಲ್ಲಿ ಕಡುಗೆಂಪು ಬೆನ್ನಿನ ಈ ಜಾತಿ ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದು ನಮ್ಮ ಅಂಗಳದ ಹಕ್ಕಿ ಎಂದು ಮಕ್ಕಳಿಗೆ ಹೇಳಿ.

ಹೆಜ್ಜೆ 3: ಕನ್ನಡಿ ಮುಚ್ಚಿ

ಇದು ಗೂಡು ಕಟ್ಟುವ ಕಾಲ. ಗಂಡು ಹಕ್ಕಿ ಕಾರಿನ ಕನ್ನಡಿಯಲ್ಲಿ ತನ್ನನ್ನೇ ನೋಡಿ ವೈರಿ ಎಂದುಕೊಂಡು ದಿನವಿಡೀ ಕುಟ್ಟುತ್ತದೆ. ಕನ್ನಡಿಗೆ ಬಟ್ಟೆ ಚೀಲ ಹಾಕಿ, ಅಷ್ಟೇ.

ಹೆಜ್ಜೆ 4: ಮನೆಮಂದಿ ಕೂರುವುದು

ಬೆಳಿಗ್ಗೆ ಆರೂವರೆಯಿಂದ ಎಂಟೂವರೆ, ಸಂಜೆ ನಾಲ್ಕೂವರೆ ಮೇಲೆ. ತಟ್ಟೆಯಿಂದ ಇಪ್ಪತ್ತು ಅಡಿ ದೂರದಲ್ಲಿ, ಜಗಲಿಯ ಮೇಲೆ ಕೂತರೆ ಸಾಕು. ಆನೆ ಓಡಾಡುವ ಕಡೆ ಮನೆ ಇದ್ದರೆ ನಸುಕಿನಲ್ಲಿ ತೋಟದಂಚಿಗೆ ಮಕ್ಕಳನ್ನು ಕರೆದೊಯ್ಯಲೇಬೇಡಿ, ಹಲಸು ಬಲಿಯುವ ಹೊತ್ತಿಗಂತೂ ಬೇಡವೇ ಬೇಡ.

ಮಕ್ಕಳಿಗೆ "ಸುಮ್ನೆ ಕೂತ್ಕೊ" ಎಂದರೆ ಐದು ನಿಮಿಷ ಕೂರುವುದಿಲ್ಲ. ಕೆಲಸ ಕೊಡಿ. ನಮ್ಮಲ್ಲಿ ಅತ್ತೆ ಕೂಗು ಕೇಳಿ ಹೇಳುತ್ತಾರೆ, ದೊಡ್ಡ ಮಗಳು ಬರೆದುಕೊಳ್ಳುತ್ತಾಳೆ, ಸಣ್ಣವನು ಬಾಲ ನೋಡುತ್ತಾನೆ. ಕಾಡು ಸಿಪಿಲೆಯನ್ನು ಮೊದಲು ಗುರುತಿಸಿದ್ದು ಅವನೇ. ಬೇರೆ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಕುಣಿಸಿದರೆ ಇದು ಅಕ್ಕಪಕ್ಕಕ್ಕೆ ತೂಗುತ್ತದೆ. ಚಳಿಗಾಲಕ್ಕೆ ಬಂದ ಅತಿಥಿ, ಏಪ್ರಿಲ್ ಹೊತ್ತಿಗೆ ಹೊರಟು ಹೋಗುತ್ತದೆ.

ಮೊದಲಿಗೆ ಹದಿನೈದು ನಿಮಿಷ ಸಾಕು. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಿತ್ತಿಲ ಹಕ್ಕಿ ಎಣಿಕೆಗೂ ಕಡಿಮೆಯೆಂದರೆ ಅಷ್ಟೇ ಹೊತ್ತು ಕೂರಬೇಕು. ಬೈನಾಕ್ಯುಲರ್ ಕೊಳ್ಳುವುದಾದರೆ 8 ಇಂಟು 42 (ಎಂಟು ಪಟ್ಟು ಹತ್ತಿರ ತೋರಿಸುವ, ಮುಂದಿನ ಗಾಜು 42 ಮಿಲಿಮೀಟರ್ ಅಗಲದ್ದು) ಕೊಳ್ಳಿ. ದೊಡ್ಡ ದೊಡ್ಡ ಝೂಮ್ ಬರೆದ ಅಗ್ಗದವು ಕೈ ನಡುಗಿದರೆ ಏನೂ ತೋರಿಸುವುದಿಲ್ಲ. ಮರ್ಲಿನ್ ಆ್ಯಪ್ ಕೂಗು ಕೇಳಿ ಹೆಸರು ಹೇಳುತ್ತದೆ, ಕಲಿಯಲು ಒಳ್ಳೆಯದು. ಆದರೆ ಹಕ್ಕಿ ಹತ್ತಿರ ಬರಲಿ ಎಂದು ಫೋನಿನಲ್ಲಿ ಅದರ ಕೂಗು ಹಾಕಬೇಡಿ. ಗೂಡು ಬಿಟ್ಟು ಇಲ್ಲದ ವೈರಿಯನ್ನು ಹುಡುಕುತ್ತಾ ಅಲೆಯುತ್ತದೆ.

ಬಟ್ಟೆ ಒಣಗಿಸುವ ಹಗ್ಗದಲ್ಲೋ ಕೇಪಳದ ಕೊಂಬೆಯಲ್ಲೋ ನಾರು, ಕಸ, ಜೇಡರ ಬಲೆ ಸೇರಿಸಿ ನೇತುಹಾಕಿದ ಪುಟ್ಟ ಚೀಲ ಕಂಡರೆ ಅದು ಸೂರಕ್ಕಿಯ ಗೂಡು. ಆ ಹಗ್ಗವನ್ನು ತಿಂಗಳ ಮಟ್ಟಿಗೆ ಬಿಟ್ಟುಕೊಡಿ, ಆ ಗಿಡ ಸವರಬೇಡಿ, ಮೊಬೈಲ್ ಹಿಡಿದು ಹತ್ತಿರ ಹೋಗಬೇಡಿ.

ಜೂನಿನಲ್ಲಿ ಮಳೆ ಹಿಡಿದ ಮೇಲೆ ತಟ್ಟೆಯನ್ನು ತಿಕ್ಕಿ ಒಣಗಿಸಿ, ಸೌದೆ ಕೊಟ್ಟಿಗೆಯಲ್ಲಿ ಮಗುಚಿಡಿ. ಜನವರಿ ಕೊನೆಗೆ ಮತ್ತೆ ಅದೇ ಜಾಗದಲ್ಲಿಟ್ಟು ನೀರು ತುಂಬಿಸಿದರಾಯಿತು.